ಎಡಮೂಲೆಯ ಹಳದಿ

"ಶಟರ್ ಪೂರ್ತಿ ಇಳಿಸು ರುದ್ರೇಶಿ, ಕೆಳಗಿನಿಂದ ಇನ್ನೂ ಬೆಳಕು ಬರುತ್ತಿದೆ" ಎಂದರು ಮೇಷ್ಟ್ರು.

ದಾವಣಗೆರೆಯ ಮಂಡಿಪೇಟೆಯಲ್ಲಿ ನಡುಮಧ್ಯಾಹ್ನ ಕತ್ತಲೆ ಹುಡುಕುವುದು ಸುಲಭದ ಕೆಲಸವಲ್ಲ. ರುದ್ರೇಶಿ ತನ್ನ ನೋಟ್‌ಬುಕ್ಕಿನ ಅಂಗಡಿಯ ಶಟರನ್ನು ನೆಲಕ್ಕೆ ತಾಗಿಸಿದ, ಸಂದಿಗೆ ಗೋಣಿಚೀಲ ತುರುಕಿದ, ಫ್ಯಾನಿನ ಸ್ವಿಚ್ಚಿನ ಕೆಂಪು ದೀಪಕ್ಕೂ ಕಾಗದ ಅಂಟಿಸಿದ.

"ಈಗ ನೋಡಿ. ಎಡಗಡೆ, ಕೆಳಗಿನ ಮೂಲೆ."

ನಾಲ್ಕು ತಲೆಗಳು ಟ್ಯಾಬ್ಲೆಟ್ಟಿನ ಮೇಲೆ ಬಗ್ಗಿದವು. ಪರದೆಯ ತುಂಬ ಬೂದು ಬಣ್ಣ. ಅದು ಬಿಟ್ಟರೆ ಬೇರೇನೂ ಇಲ್ಲ.

"ನನಗೆ ನಿನ್ನ ಹೆಬ್ಬೆರಳು ಕಾಣುತ್ತಿದೆ" ಎಂದ ಕೊಟ್ರಪ್ಪಣ್ಣ.

"ಬೆರಳಿನ ಪಕ್ಕದಲ್ಲಿ ನೋಡಿ ಅಣ್ಣ, ಹಳದಿ ಇಲ್ಲವೇ? ಬಲಗಡೆಗಿಂತ ಮಂಕಾಗಿಲ್ಲವೇ?"

"ಐದು ದಿನದಿಂದ ನಿನ್ನ ಮಗಳು ಇದರಲ್ಲೇ ಪಾಠ ನೋಡುತ್ತಿದ್ದಾಳಲ್ಲ, ಅವಳೇನಾದರೂ ಹೇಳಿದಳೇ?"

"ಅವಳಿಗೆ ಗೊತ್ತೇ ಆಗಿಲ್ಲ. ನಿನ್ನೆ ರಾತ್ರಿ ಬೆಂಗಳೂರಿನಿಂದ ಅಳಿಯ ಫೋನ್ ಮಾಡಿದ. 'ಮಾವ, ಪರದೆ ಪರೀಕ್ಷೆ ಮಾಡಿದಿರಾ? ದೀಪ ಆರಿಸಿ, ಬೂದು ಚಿತ್ರ ಹಾಕಿ ನೋಡಿ' ಎಂದ. ನೋಡಿದೆ. ಆಮೇಲೆ ನಿದ್ದೆ ಬರಲಿಲ್ಲ."

"ಪಿಯುಸಿಯಲ್ಲಿ ಬೂದು ಎಂಬುದೊಂದು ವಿಷಯವಿದೆಯೇನೋ ಮೇಷ್ಟ್ರೇ? ನಮ್ಮ ಕಾಲದಲ್ಲಿ ಹೊಸ ವಸ್ತು ಬಂದರೆ ಕುಂಕುಮ ಹಚ್ಚಿ ಪೂಜೆ ಮಾಡುತ್ತಿದ್ದೆವು. ಈಗಿನವರು ಪೋಸ್ಟ್‌ಮಾರ್ಟಂ ಮಾಡುತ್ತಾರೆ. ಅದೂ ಜೀವ ಇರುವಾಗಲೇ" ಎಂದ ಕೊಟ್ರಪ್ಪಣ್ಣ.

ಹೊರಗಿನಿಂದ ಶಟರನ್ನು ಯಾರೋ ಬಡಿದರು. ಪಕ್ಕದ ಕಿರಾಣಿ ಅಂಗಡಿಯ ಮಂಜಣ್ಣನ ದನಿ. "ರುದ್ರೇಶಿ, ಯಾಕೆ ಅಂಗಡಿ ಮುಚ್ಚಿದ್ದೀಯ? ಏನಾಯಿತು?"

ಶಟರ್ ಎತ್ತಿದರೆ ಬೆಳಕು ಬರುತ್ತದೆಂದು ರುದ್ರೇಶಿ ಒಳಗಿನಿಂದಲೇ ಕೂಗಿದ. "ಏನಿಲ್ಲ ಮಂಜಣ್ಣ, ಎಡಭಾಗ ಸ್ವಲ್ಪ ಹೋಗಿದೆ. ಹಳದಿಯಾಗಿದೆ. ನೋಡುತ್ತಿದ್ದೇವೆ."

ಹೊರಗೆ ಸ್ವಲ್ಪ ಹೊತ್ತು ಮಾತಿಲ್ಲ. "ಅಯ್ಯೋ ಶಿವನೇ" ಎಂಬುದು ಕೇಳಿಸಿತು. ಚಪ್ಪಲಿಯ ಸದ್ದು ದೂರವಾಯಿತು.

ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಕತ್ತಲೆಯಲ್ಲಿ ನಾಲ್ಕು ಜನ ಸುಮ್ಮನೆ ಕುಳಿತಿರುವುದನ್ನು ಕಂಡು ಅವರಿಗೆ ತರಗತಿಯ ನೆನಪಾಯಿತು. "ಎಲ್‌ಸಿಡಿ ಪರದೆಗೆ ಸ್ವಂತ ಬೆಳಕು ಇಲ್ಲ. ಅಂಚಿನಲ್ಲಿ ಸಾಲಾಗಿ ಎಲ್‌ಇಡಿ ದೀಪಗಳಿರುತ್ತವೆ. ಆ ಬೆಳಕು ಪರದೆಯ ಹಿಂದಿರುವ ಒಂದು ತೆಳು ಹಲಗೆಯೊಳಗೆ ಹರಿದು ಎಲ್ಲ ಕಡೆಗೂ ಸಮನಾಗಿ ಹಂಚಿಕೆಯಾಗಬೇಕು. ಅದರ ಮೇಲೆ ಬೆಳಕನ್ನು ಚದುರಿಸುವ ಹಾಳೆಗಳು. ಚೌಕಟ್ಟು ಒಂದು ಕಡೆ ಕೂದಲೆಳೆಯಷ್ಟು ಬಿಗಿಯಾದರೂ ಹಂಚಿಕೆ ಕೆಡುತ್ತದೆ. ನಮ್ಮ ಭದ್ರಾ ನಾಲೆಯ ಹಾಗೆ. ಲಕ್ಕವಳ್ಳಿಯಲ್ಲಿ ತುಂಬಿ ಹೊರಟರೂ ಕೊನೆಯ ಭಾಗಕ್ಕೆ ಬರುವಾಗ..."

ಹರಿಹರದ ಕಡೆ ಎರಡು ಎಕರೆ ಭತ್ತದ ಗದ್ದೆ ಇರುವ ಹಾಲಪ್ಪ ಅಲ್ಲಿಯವರೆಗೆ ಆಕಳಿಸುತ್ತಿದ್ದವನು ನೆಟ್ಟಗೆ ಕುಳಿತ. "ಅಂದರೆ ಎಡಮೂಲೆ ಕೊನೆಯ ಭಾಗವೋ? ಹಾಗಾದರೆ ಧರಣಿ ಮಾಡದೆ ಅಲ್ಲಿಗೆ ಬೆಳಕು ಬರುವುದಿಲ್ಲ ಬಿಡಿ. ಮೇಲಿನವರು ಪಂಪ್‌ಸೆಟ್ ಇಟ್ಟುಕೊಂಡಿರುತ್ತಾರೆ."

ಮಾತು ಅಲ್ಲಿಂದ ಬೇಸಿಗೆ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದಕ್ಕೆ ಹೊರಳಿತು, ನೀರಾವರಿ ಸಲಹಾ ಸಮಿತಿಯನ್ನು ಸುತ್ತಿತು, ಭತ್ತದ ದರಕ್ಕೆ ಬಂದು ನಿಂತಿತು. ಟ್ಯಾಬ್ಲೆಟ್ ಬೇಸರಗೊಂಡು ತಾನಾಗಿಯೇ ಆರಿತು. ರುದ್ರೇಶಿ ಮತ್ತೆ ಬೆರಳೊತ್ತಿ ಎಬ್ಬಿಸಿದ.

ಹಾಲಪ್ಪ ವಕೀಲರ ಗುಮಾಸ್ತ. ಭತ್ತ ಮುಗಿದ ಮೇಲೆ ಕಾನೂನಿಗೆ ಬಂದ. "2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ? ಗುಣಮಟ್ಟದಲ್ಲಿ ಯಾವುದೇ ದೋಷ, ಅಪೂರ್ಣತೆ, ಕೊರತೆ ಇದ್ದರೂ ಅದು ನ್ಯೂನತೆಯೇ. ಜಿಲ್ಲಾ ಆಯೋಗದಲ್ಲಿ ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ. ಹಾಕೋಣ."

"ಹಾಕು. ಆದರೆ ನ್ಯಾಯಾಧೀಶರನ್ನೂ ಗೋಣಿಚೀಲ ತುರುಕಿದ ಕೋಣೆಯಲ್ಲಿ ಕೂರಿಸಬೇಕಾಗುತ್ತದೆ. ಸತ್ಯ ಬೆಳಕಿಗೆ ಬರಲಿ ಎಂದು ಅವರು ಹೇಳಿದರೆ ನಿನ್ನ ಕೇಸು ಬಿದ್ದುಹೋಯಿತು" ಎಂದ ಕೊಟ್ರಪ್ಪಣ್ಣ.

"ಕಂಪನಿಯವರು ಸುಲಭಕ್ಕೆ ಒಪ್ಪುವುದಿಲ್ಲ" ಎಂದರು ಮೇಷ್ಟ್ರು. "ಇದು ಮಿತಿಯೊಳಗೇ ಇದೆ ಎನ್ನುತ್ತಾರೆ. ಪರದೆಯ ಚುಕ್ಕೆಗಳಿಗೆ 2001ರಲ್ಲಿ ಒಂದು ಅಂತರರಾಷ್ಟ್ರೀಯ ಮಾನದಂಡ ಬಂದಿತ್ತು. ಅದರ ಎರಡನೆಯ ದರ್ಜೆಯಲ್ಲಿ ಹತ್ತು ಲಕ್ಷ ಚುಕ್ಕೆಗಳಿಗೆ ಎರಡು ಸದಾ ಉರಿಯುತ್ತಿದ್ದರೂ ಇನ್ನೆರಡು ಸದಾ ಆರಿದ್ದರೂ ಅಡ್ಡಿಯಿರಲಿಲ್ಲ."

"ಹತ್ತು ಲಕ್ಷಕ್ಕೆ ಎರಡೇ? ನಮ್ಮ ಬೀದಿದೀಪಕ್ಕೆ ಆ ಮಾನದಂಡ ಹಾಕಿದರೆ ಇಡೀ ಊರನ್ನೇ ವಾಪಸ್ ಕಳಿಸಬೇಕು."

ಮತ್ತೆ ಶಟರ್ ಸದ್ದು. ಈ ಸಲ ನಾಲ್ಕೈದು ಜನರ ದನಿ. ಮಂಜಣ್ಣ ಮೆತ್ತಗೆ ಕೇಳಿದ. "ರುದ್ರೇಶಿ, ಎಷ್ಟು ದಿನ ಎಂದಿದ್ದಾರಪ್ಪ?"

"ಏಳು ದಿನ ಮಂಜಣ್ಣ. ಐದು ಮುಗಿದವು. ನಾಡಿದ್ದು ಕೊನೆ."

"ಮನೆಯವರಿಗೆ ಗೊತ್ತೇ?"

"ಮಗಳಿಗೆ ಹೇಳಿಲ್ಲ. ಬೇಸರ ಮಾಡಿಕೊಳ್ಳುತ್ತಾಳೆ. ಕಳಿಸಿಬಿಡುವುದೇ ಒಳ್ಳೆಯದು ಎಂದು ಅಳಿಯ ಹೇಳುತ್ತಿದ್ದಾನೆ."

"ಅಳಿಯಂದಿರು ಎಲ್ಲ ಕಡೆಯೂ ಒಂದೇ" ಎಂದಿತು ಹೊರಗಿನ ಇನ್ನೊಂದು ಅಳುದನಿ.

ವಾಪಸ್ ಕಳಿಸಬೇಕಾದರೆ ಫೋಟೊ ಬೇಕು. ಹಾಲಪ್ಪ ಮೊಬೈಲಿನಲ್ಲಿ ತೆಗೆದ. ಕತ್ತಲೆಯಲ್ಲಿ ಕ್ಯಾಮೆರಾ ಸಿಕ್ಕಷ್ಟು ಬೆಳಕನ್ನು ಹೀರಿಕೊಂಡು ಹಿಗ್ಗಿಸುತ್ತದೆ. ಕಣ್ಣಿಗೆ ಹೌದೋ ಅಲ್ಲವೋ ಎನ್ನುವಂತಿದ್ದ ಹಳದಿ ಫೋಟೊದಲ್ಲಿ ಮೂಲೆಯಿಂದ ಎದ್ದು ಅರ್ಧ ಪರದೆಯನ್ನು ಆವರಿಸಿತ್ತು. ರುದ್ರೇಶಿ ಎದೆ ಹಿಡಿದುಕೊಂಡ. "ನೋಡಿದಿರಾ! ಇಷ್ಟಿದೆ! ಕೊಟ್ರಪ್ಪಣ್ಣ, ನೀವು ಗಿರಣಿಯಲ್ಲಿ ಬಟ್ಟೆಯ ತಪ್ಪು ಹುಡುಕುವ ಕೆಲಸದಲ್ಲಿದ್ದವರು. ನೀವೇ ಹೇಳಿ, ಇದು ಪಾಸೋ ಫೇಲೋ?"

ಕೊಟ್ರಪ್ಪಣ್ಣ ಟ್ಯಾಬ್ಲೆಟ್ಟನ್ನು ಕೈಗೆ ತೆಗೆದುಕೊಂಡು ಒಮ್ಮೆ ಓರೆಯಾಗಿ ಹಿಡಿದು ನೋಡಿದ.

"ಹಳದಿ ಇದೆ. ನೀನು ಶಟರ್ ಇಳಿಸುವ ಮೊದಲೇ ನನಗೆ ಕಂಡಿತ್ತು."

"ಮತ್ತೆ ಹೆಬ್ಬೆರಳು ಎಂದಿರಲ್ಲ!"

"ನಿನಗೂ ಕಾಣದೇ ಹೋಗಲಿ ಎಂದು ಹೇಳಿದೆ." ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟ. "ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ. ಗಿರಣಿಯ ಮಡಿಕೆ ಖಾತೆಯಲ್ಲಿ, ಬಟ್ಟೆ ಮಡಚುವ ಕಡೆ, ದಿನವಿಡೀ ಕಣ್ಣ ಮುಂದೆ ಬಟ್ಟೆ ಹರಿಯುತ್ತಿತ್ತು. ಎಲ್ಲಿ ಹೊಕ್ಕಿನ ಒಂದು ಎಳೆ ತಪ್ಪಿದೆ, ಎಲ್ಲಿ ಎಣ್ಣೆಯ ಚುಕ್ಕೆ ಬಿದ್ದಿದೆ, ಎಲ್ಲಿ ನೂಲು ದಪ್ಪವಾಗಿದೆ, ಅಷ್ಟೇ ನೋಡಬೇಕು. ಚೆನ್ನಾಗಿರುವ ಗಜಗಟ್ಟಲೆ ಬಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ, ಅದಕ್ಕೆ ಸಂಬಳ ಇರಲಿಲ್ಲ. ತಪ್ಪು ಸಿಕ್ಕರೆ ಥಾನಿನ ಮೇಲೆ ಸೆಕೆಂಡ್ಸ್ ಎಂದು ಮೊಹರು. ಆ ಸೆಕೆಂಡ್ಸ್ ಬಟ್ಟೆ ಅಗ್ಗ ಎಂದು ನಾವೇ ಕೊಂಡು ಮನೆಗೆ ತರುತ್ತಿದ್ದೆವು. ನನ್ನ ಮಕ್ಕಳ ಶಾಲೆಯ ಅಂಗಿಗಳೆಲ್ಲ ಅದರದ್ದೇ. ಒಬ್ಬ ಮೇಷ್ಟ್ರಾದರೂ ಗುರುತಿಸಿದರೇ?"

"ನನಗೆ ಗೊತ್ತೇ ಆಗಲಿಲ್ಲವಲ್ಲ" ಎಂದರು ಮೇಷ್ಟ್ರು.

"ಯಾರಿಗೂ ಗೊತ್ತಾಗಲಿಲ್ಲ, ನನಗೆ ಬಿಟ್ಟು. ಮಗ ಬಹುಮಾನ ತೆಗೆದುಕೊಳ್ಳಲು ವೇದಿಕೆ ಹತ್ತಿದರೆ ನನಗೆ ಕಾಣುತ್ತಿದ್ದದ್ದು ಅವನ ಬೆನ್ನಿನ ಮೇಲಿನ ತಪ್ಪಿದ ಎಳೆ. ಮಗಳ ಮದುವೆ ಮಂಟಪದಲ್ಲಿ ಎಲ್ಲರೂ ಅವಳ ಮುಖ ನೋಡುತ್ತಿದ್ದರು, ನಾನು ಸೀರೆಯ ಹಾಸು ಹೊಕ್ಕು ನೋಡುತ್ತಾ ನಿಂತಿದ್ದೆ. ಅವಳು ಅವತ್ತು ಹೇಗೆ ಕಾಣುತ್ತಿದ್ದಳು ಎಂದು ಫೋಟೊ ನೋಡಿ ತಿಳಿದುಕೊಂಡೆ. ಆಮೇಲೆ ಗಿರಣಿ ಮುಚ್ಚಿತು. ಈ ಕಣ್ಣು ಮಾತ್ರ ಇನ್ನೂ ಡ್ಯೂಟಿಗೆ ಬರುತ್ತಿದೆ."

ಯಾರೂ ಮಾತಾಡಲಿಲ್ಲ. ಹಾಲಪ್ಪನಿಗೆ ಮೌನ ಎಂದರೆ ಆಗದು. "ಅಂದರೆ ವಾಪಸ್ ಬೇಡ ಎನ್ನುತ್ತೀರಾ?"

"ನನಗೇನು ಗೊತ್ತು? ಅವನು ಹಣ ಕೊಟ್ಟಿದ್ದಾನೆ, ಬೇಕಾದರೆ ಕಳಿಸಲಿ. ಆದರೆ ಬದಲಿಗೆ ಬರುವುದನ್ನೂ ಇದೇ ಕತ್ತಲೆಯಲ್ಲಿ, ಇದೇ ಅಳಿಯ ಹೇಳಿದ ಹಾಗೆ ನೋಡುತ್ತಾನೆ. ಅದರ ಬಲಮೂಲೆಗೆ ಈಗಲೇ ಒಂದು ಗೋಣಿಚೀಲ ಎತ್ತಿಟ್ಟಿರಲಿ. ಮೊದಲು ಶಟರ್ ಎತ್ತು, ಉಸಿರು ಕಟ್ಟುತ್ತಿದೆ."

ರುದ್ರೇಶಿ ಶಟರ್ ಎತ್ತಿದ. ಬೀದಿಯ ಬೆಳಕು ಒಳಗೆ ನುಗ್ಗಿತು. ಎದುರು ಸಾಲಿನ ಆರೇಳು ಅಂಗಡಿಗಳ ಶಟರುಗಳು ಅರ್ಧ ಇಳಿದಿದ್ದವು. ಕಟ್ಟೆಯ ಕೆಳಗೆ ಹತ್ತಿಪ್ಪತ್ತು ಜನ ಕೈಕಟ್ಟಿ ನಿಂತಿದ್ದರು. ಎಲ್ಲರ ಮುಂದೆ ಮಂಜಣ್ಣ, ಕೈಯಲ್ಲಿ ದಪ್ಪನೆಯ ಚೆಂಡುಹೂವಿನ ಹಾರ.

"ಎಲ್ಲಿ ಮಲಗಿಸಿದ್ದೀರಿ?" ಎಂದ ಮಂಜಣ್ಣ.

ವಿಷಯ ಬಿಡಿಸಿ ಹೇಳಲು ಸಾಕಷ್ಟು ಹೊತ್ತು ಹಿಡಿಯಿತು. ಟ್ಯಾಬ್ಲೆಟ್ ಕೈಯಿಂದ ಕೈಗೆ ದಾಟಿ ಬಿಸಿಲಿಗೆ ಬಂತು. ಎಲ್ಲರೂ ಎಡಮೂಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಯಾರಿಗೂ ಏನೂ ಕಾಣಲಿಲ್ಲ.

"ಇಲ್ಲಿ ಕಾಣುವುದಿಲ್ಲ, ಒಳಗೆ ಬನ್ನಿ, ಶಟರ್ ಇಳಿಸುತ್ತೇನೆ" ಎಂದು ರುದ್ರೇಶಿ ಉತ್ಸಾಹದಿಂದ ಕರೆದ. ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಅಂಗಡಿಯೊಳಗೆ ನುಗ್ಗಿದರು. ಕೊಟ್ರಪ್ಪಣ್ಣ ಅವರ ನಡುವೆ ಎದುರೀಜಿ ಹೊರಗೆ ಬಂದು ಬಿದ್ದ.

ಕಟ್ಟೆಯ ಮೇಲೆ ಮಂಜಣ್ಣ ಒಬ್ಬನೇ ಉಳಿದಿದ್ದ, ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ.

"ಅವನದ್ದಾದರೂ ಏಳು ದಿನದೊಳಗೆ ವಾಪಸ್ ಹೋಗುತ್ತದೆ ಕೊಟ್ರಪ್ಪಣ್ಣ" ಎಂದ. "ಇದನ್ನು ಹೂವಿನವಳು ತೆಗೆದುಕೊಳ್ಳುತ್ತಾಳೆಯೇ?"