ಮಳೆಗಾಲ ಪೂರ್ತಿ ಬೀಗ ಹಾಕಿದ್ದ ಹೆಂಚಿನ ಮನೆ: ದೀಪಾವಳಿಗೆ ಮೊದಲು ಒಳಗೆಲ್ಲ ಶುಚಿ ಮಾಡೋದು ಹೇಗೆ?

ತೀರ್ಥಹಳ್ಳಿ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಲ್ಲಿ ನಮ್ಮದೊಂದು ಹಳೇ ಹೆಂಚಿನ ಮನೆ ಇದೆ. ಅಲ್ಲಿ ಅಮ್ಮ ಒಬ್ಬರೇ ಇರೋದು. ಈ ವರ್ಷ ಅವರ ಅಸ್ತಮಾ ಜಾಸ್ತಿಯಾಯ್ತು ಅಂತ ಮಳೆ ಹಿಡಿಯೋಕೆ ಮುಂಚೆ ಬೆಂಗಳೂರಿಗೆ ಕರ್ಕೊಂಡು ಬಂದೆ. ಅವತ್ತಿಂದ ಮನೆಗೆ ಬೀಗ. ಮೊನ್ನೆ ಪಕ್ಕದ ಮನೆಯವರು ಬಾಗಿಲು ತೆಗೆದು ವಿಡಿಯೋ ಕಳಿಸಿದ್ರು. ಪಡುವಣ ಕೋಣೆ ಗೋಡೆ ತುಂಬಾ ಕಪ್ಪು ಚುಕ್ಕೆ, ಹಲಸಿನ ಮರದ ಕಪಾಟಿನ ಮೇಲೆ ಬೆಳ್ಳಗೆ ಬೂಷ್ಟು, ಅಟ್ಟದಲ್ಲಿ ಇಲಿ ಹಿಕ್ಕೆ, ಅಡುಗೆಮನೆ ಮಾಡಿನ ತುಂಬಾ ಇಲ್ಲಣ (ಮಸಿ ಹಿಡಿದ ಜೇಡರ ಬಲೆ) ಜೋತಾಡ್ತಾ ಇದೆ. ರೆಡ್ ಆಕ್ಸೈಡ್ ನೆಲವೂ ಮಂಕಾಗಿದೆ.

ನೀರು ತುಂಬೋ ಹಬ್ಬದ ಹೊತ್ತಿಗೆ ತನ್ನ ಮನೆಯಲ್ಲೇ ಇರಬೇಕು ಅಂತ ಅಮ್ಮನ ಹಟ. ಅದಕ್ಕೆ ನಾನು, ನನ್ನ ಹೆಂಡತಿ ಮೊದಲೇ ಹೋಗಿ ಕ್ಲೀನ್ ಮಾಡಿ, ಆಮೇಲೆ ಅವರನ್ನ ಕರೆಸಿಕೊಳ್ಳೋಣ ಅಂತ ಇದ್ದೀವಿ. ಯೂಟ್ಯೂಬ್ ನೋಡಿದ್ರೆ ಒಬ್ಬರು ಬೇಕಿಂಗ್ ಸೋಡಾಗೆ ವಿನೆಗರ್ ಹಾಕಿ ಅಂತಾರೆ, ಇನ್ನೊಬ್ಬರು ಬ್ಲೀಚ್ ಅಂತಾರೆ, ಮತ್ತೊಬ್ಬರು ಆ್ಯಸಿಡ್ ಅಂತಾರೆ. ಎಲ್ಲಿಂದ ಶುರು ಮಾಡೋದು? ಯಾವುದನ್ನ ಎಲ್ಲಿ ಹಾಕಬಾರದು? ಅಮ್ಮನ ಉಸಿರಿಗೆ ತೊಂದರೆ ಆಗಬಾರದು, ಅದೇ ಮುಖ್ಯ.

ಜಯನಗರ ಫ್ಲಾಟ್

ಬ್ರದರ್, ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋತೀರಾ? ಶಿವಮೊಗ್ಗದಲ್ಲಿ ಡೀಪ್ ಕ್ಲೀನಿಂಗ್ ಮಾಡೋರು ಸಿಗ್ತಾರೆ. ಮಷೀನ್ ತರ್ತಾರೆ, ಒಂದೇ ದಿನದಲ್ಲಿ ಮುಗಿಸಿ ಹೋಗ್ತಾರೆ. ನಮ್ಮ ಫ್ಲಾಟಿಗೆ ಪ್ರತಿ ಯುಗಾದಿಗೂ ಹಾಗೇ ಮಾಡಿಸೋದು.

ಶರಾವತಿ ಸೀಮೆಯವಳು

ಫ್ಲಾಟಿಗೆ ಅದು ಸರಿ, ತಮ್ಮಾ. ಟೈಲ್ಸ್ ನೆಲ, ಕಾಂಕ್ರೀಟ್ ಗೋಡೆ, ನೀರು ಸುರಿದರೂ ನಡೀತದೆ. ಆದರೆ ಹೆಂಚಿನ ಮನೆಗೆ ಪ್ರೆಶರ್ ಪಂಪ್ ತಂದು ನೀರು ಹೊಡೆಸಿದರೆ, ಜೂನಿನಿಂದ ಕುಡಿದ ನೀರು ಸಾಲದು ಅಂತ ಇನ್ನೊಂದು ಮಳೆಗಾಲ ಒಳಗೇ ತರಿಸಿದ ಹಾಗೆ. ನಮ್ಮೂರಲ್ಲೊಬ್ಬರು ಹೀಗೇ ಜನ ಕರೆಸಿದ್ದರು. ಬಂದವರು ನೆಲಕ್ಕೆ ಆ್ಯಸಿಡ್ ಹಾಕಿ ತಿಕ್ಕಿದರು. ಅಜ್ಜನ ಕಾಲದಿಂದ ಕನ್ನಡಿಯಾಗಿದ್ದ ಕೆಂಪು ನೆಲ ಮಾರನೇ ದಿನ ಇಟ್ಟಿಗೆ ಪುಡಿ ಬಣ್ಣಕ್ಕೆ ಬಂದು ಕೂತಿತ್ತು. ಆ ನೆಲ ಇರೋದೇ ಸಿಮೆಂಟಿನಲ್ಲಿ, ಆ್ಯಸಿಡ್ ಸಿಮೆಂಟನ್ನು ತಿಂತದೆ. ಮತ್ತೆ ಹೊಳಪು ಬರಲಿಲ್ಲ.

ತೀರ್ಥಹಳ್ಳಿ ತಮ್ಮ, ನಿನ್ನ ಪ್ರಶ್ನೆಗೆ ಬರ್ತೇನೆ. ನಮ್ಮದೂ ಅಂಥದ್ದೇ ಮನೆ, ಪ್ರತಿ ವರ್ಷ ಆಶ್ವೀಜದಲ್ಲಿ ನನಗೆ ಇದೇ ಕೆಲಸ. ನಾನು ಹೇಳೋದು ಒಂದೇ: ಮನೆ ತೊಳೆಯೋ ಮೊದಲು ಮನೆ ಒಣಗಿಸು. ಬೂಷ್ಟಿಗೆ ಬೇಕಾದ್ದು ಥಂಡಿ. ಥಂಡಿ ಉಳಿದರೆ ನೀನು ಏನು ಹಚ್ಚಿ ತಿಕ್ಕಿದರೂ ಕಾರ್ತೀಕ ಕಳೆಯೋದರೊಳಗೆ ಮತ್ತೆ ಅದೇ ಗೋಡೆ, ಅದೇ ಚುಕ್ಕೆ.

ಮೊದಲ ದಿನ ಪೊರಕೆಯನ್ನು ಮುಟ್ಟಲೇಬೇಡ. ಹೋದ ಕೂಡಲೇ ಬಾಗಿಲು ಕಿಟಕಿ ಎಲ್ಲಾ ತೆಗೆದು ಹೊರಗೆ ಬಾ. ಗಾಳಿ ಆಡಲಿ. ಲೈಟಿನ ಮೈನ್ ಹಾಕುವ ಮುಂಚೆ ಅಟ್ಟದಲ್ಲಿ ವೈರ್ ಇಲಿ ಕಡಿದಿದೆಯಾ ಅಂತ ಟಾರ್ಚ್ ಬಿಟ್ಟು ನೋಡು. ಆಮೇಲೆ ಮಾಡಿನ ಕಡೆ ಕಣ್ಣು ಹಾಯಿಸು. ಪಡುವಣ ಕೋಣೆ ಅಂದೆಯಲ್ಲ, ನಮ್ಮ ಕಡೆ ಮಳೆ ಹೊಡೆಯೋದೇ ಪಡುವಲಿಂದ. ಒಡೆದ ಹೆಂಚು, ಜಾರಿದ ಹೆಂಚು, ಎರಡು ಮಾಡು ಸೇರುವಲ್ಲಿ ಎಲೆ ಕಟ್ಟಿಕೊಂಡದ್ದು, ಇದರಲ್ಲಿ ಯಾವುದೋ ಒಂದು ಇದ್ದೇ ಇರ್ತದೆ. ಹೆಂಚು ಹೊದಿಸುವವರನ್ನು ಆ ದಿನವೇ ಕರೆಸು. ನೀನು ಹತ್ತಬೇಡ, ಪಾಚಿ ಕಟ್ಟಿದ ಹೆಂಚು ಜಾರ್ತದೆ. ಗಾಜಿನ ಹೆಂಚು ಇದ್ದರೆ ಅದನ್ನೂ ಅವರ ಕೈಲೇ ತೊಳೆಸು. ಒಳಗೆ ಬಿಸಿಲು ಬಿದ್ದರೆ ಅರ್ಧ ಕೆಲಸ ಆದ ಹಾಗೆ.

ಅಡುಗೆಮನೆಯಲ್ಲಿ ಸೌದೆ ಒಲೆ ಇನ್ನೂ ಇದ್ದರೆ ಬೆಳಗಿಂದ ಸಂಜೆವರೆಗೆ ಉರಿಸು. ನಮ್ಮ ಅತ್ತೆ ಮಳೆಗಾಲದಲ್ಲಿ ಒಂದು ದಿನವೂ ಒಲೆ ಆರಿಸ್ತಿರಲಿಲ್ಲ. ಅಟ್ಟದ ಅಡಿಕೆಯೂ ಮರವೂ ಒಣಗಿ ಇರ್ತಿದ್ದದ್ದು ಆ ಬಿಸಿಗೇ. ಹೊಗೆ ಅಮ್ಮನಿಗೆ ಆಗದು, ಹಾಗಾಗಿ ಅವರು ಬರುವ ಮೊದಲೇ ಇದು ಮುಗಿಯಲಿ. ಧೂಪ, ಲೋಬಾನ ಅಂತ ಹಾಕಿ ವಾಸನೆ ಮುಚ್ಚಬೇಡ. ವಾಸನೆ ಇದೆ ಅಂದರೆ ಥಂಡಿ ಇನ್ನೂ ಇದೆ ಅಂತಲೇ ಅರ್ಥ.

ಇನ್ನು ಗುಡಿಸೋದು. ಯಾವಾಗಲೂ ಮೇಲಿಂದ ಕೆಳಗೆ: ಮಾಡು, ಅಟ್ಟ, ಗೋಡೆ, ಸಾಮಾನು, ಕೊನೆಗೆ ನೆಲ. ದೋಟಿ ತುದಿಗೆ ಕಸಬರಿಗೆ ಕಟ್ಟಿ ಅದಕ್ಕೊಂದು ಒದ್ದೆ ಬಟ್ಟೆ ಸುತ್ತು. ಇಲ್ಲಣ ಅದಕ್ಕೇ ಅಂಟಿಕೊಂಡು ಬರ್ತದೆ, ಮೈಮೇಲೆ ಉದುರುವುದಿಲ್ಲ. ತಲೆಗೆ ಬಟ್ಟೆ, ಮೂಗಿಗೆ ಎನ್95 ಮಾಸ್ಕ್ ಇರಲಿ. ಬಟ್ಟೆ ಮಾಸ್ಕ್ ಸಾಲದು.

ಅಟ್ಟದ ಇಲಿ ಹಿಕ್ಕೆಯ ವಿಷಯ ಹಗುರಕ್ಕೆ ತೆಗೆದುಕೊಳ್ಳಬೇಡ. ನಮ್ಮ ಕಡೆ ಇಲಿ ಜ್ವರ ಇದೆ, ಅದು ಇಲಿ ಮೂತ್ರದಿಂದ ಬರೋದು. ಒಣ ಹಿಕ್ಕೆ ಗುಡಿಸಿದರೆ ಧೂಳೂ ಮೂಗಿಗೆ ಹೋಗ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕು, ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಸೇರಿಸಿ ಅದರ ಮೇಲೆ ಚಿಮುಕಿಸು, ಐದು ನಿಮಿಷ ನೆನೆಯಲಿ. ಆಮೇಲೆ ಹಳೇ ಪೇಪರಿನಲ್ಲಿ ಬಾಚಿ ಕಟ್ಟಿ ಬಿಸಾಡು. ಕೈಯಲ್ಲಿ ಗಾಯ ಇದ್ದವರು ಈ ಕೆಲಸಕ್ಕೆ ಕೂರಬಾರದು.

ಗೋಡೆ ಸುಣ್ಣದ್ದಾದರೆ ನಿನ್ನ ಪುಣ್ಯ. ಕಪ್ಪು ಜಾಗವನ್ನು ಒದ್ದೆ ಬ್ರಷ್ಷಿನಲ್ಲಿ ಉಜ್ಜಿ ತೆಗೆದು, ಪೂರ್ತಿ ಒಣಗಿದ ಮೇಲೆ ಹೊಸ ಸುಣ್ಣ ಎರಡು ಕೈ ಹೊಡೆ. ಸುಣ್ಣದ ಖಾರಕ್ಕೆ ಬೂಷ್ಟು ಬದುಕುವುದಿಲ್ಲ. ಸುಟ್ಟ ಸುಣ್ಣ ತಂದು ನೀನೇ ನೀರು ಹಾಕುವುದಾದರೆ ದೂರ ನಿಂತು ಹಾಕು, ಕುದಿದು ಕಣ್ಣಿಗೆ ಸಿಡೀತದೆ. ಪೇಂಟ್ ಗೋಡೆಯಾದರೆ ಒಂದು ಲೀಟರ್ ನೀರಿಗೆ 60 ಮಿಲಿಲೀಟರ್ ಬ್ಲೀಚ್ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸು. ಕಿಟಕಿ ತೆಗೆದಿರಲಿ. ಬೂಷ್ಟಿನ ಮೇಲೇ ಹೊಸ ಪೇಂಟ್ ಬಳಿಯುವುದು ಮಾತ್ರ ಬೇಡ, ದುಡ್ಡು ದಂಡ.

ಕಪಾಟಿಗೆ ಬ್ಲೀಚ್ ಬೇಡ. ಮರದೊಳಗೆ ಅದು ಇಳಿಯುವುದಿಲ್ಲ, ಬಣ್ಣ ಮಾತ್ರ ಹೋಗ್ತದೆ. ಎಲ್ಲಾ ಖಾಲಿ ಮಾಡಿ ಜಗಲಿಗೆ ಎಳೆಸು. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ನೀರಿಗೆ ಹಾಕಿ, ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸು, ತಕ್ಷಣ ಒಣ ಬಟ್ಟೆ. ಜನ ಮುಂದೆ ಒರೆಸಿ ಬಿಡ್ತಾರೆ. ಬೂಷ್ಟಿನ ತವರು ಇರೋದು ಗೋಡೆಗೆ ತಾಗಿದ ಹಿಂಬದಿಯಲ್ಲಿ. ವಾಪಸ್ ಇಡುವಾಗ ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇಡು. ಪಾರ್ಟಿಕಲ್ ಬೋರ್ಡಿನದ್ದು ಉಬ್ಬಿ ಬಿಟ್ಟಿದ್ದರೆ ಅದರ ಮೇಲೆ ಆಸೆ ಬಿಡು.

ಹಾಸಿಗೆ, ರಗ್ಗು, ದಿಂಬು ಬಿಸಿಲಿಗೆ. ಈಗ ಬೆಳಿಗ್ಗೆ ಇಬ್ಬನಿ ಇರ್ತದೆ, ಹತ್ತು ಗಂಟೆಗೆ ಹಾಕಿ ಮೂರಕ್ಕೆ ತೆಗಿ, ಸಂಜೆ ಥಂಡಿ ಕುಡಿಸಬೇಡ. ಅಮ್ಮನ ರೇಷ್ಮೆ ಸೀರೆ ಮಾತ್ರ ನೆರಳಿನ ಗಾಳಿಗೆ. ಬಿಸಿಲಿಗೆ ಹಾಕಿದೆಯೋ, ಬಣ್ಣ ಹೋದದ್ದಕ್ಕೆ ಜೀವಮಾನ ಪೂರ್ತಿ ಮಾತು ಕೇಳಬೇಕು.

ನೆಲಕ್ಕೆ ಬರೀ ನೀರು, ತೀರಾ ಜಿಡ್ಡಿದ್ದರೆ ಚೂರು ಸೋಪು. ಒಣಗಿದ ಮೇಲೆ ತೆಂಗಿನೆಣ್ಣೆ ನಾಲ್ಕು ಹನಿ ಬಟ್ಟೆಗೆ ಹಾಕಿ ಉಜ್ಜು, ಆಮೇಲೆ ಒಣ ಬಟ್ಟೆಯಲ್ಲಿ ಎಣ್ಣೆಯೆಲ್ಲ ತೆಗಿ. ಎಣ್ಣೆ ಉಳಿದರೆ ವಯಸ್ಸಾದವರ ಕಾಲು ಜಾರ್ತದೆ.

ಕುಡ್ಲದ ಲ್ಯಾಬ್ ಮೇಷ್ಟ್ರು

ಅಕ್ಕ ಹೇಳಿದ್ದು ಎಲ್ಲ ಸರಿ ಉಂಟು. ನಾನು ಕೆಮಿಸ್ಟ್ರಿ ಪಾಠ ಮಾಡುವವ, ಹಾಗಾಗಿ ಬಾಟಲಿಗಳ ಬಗ್ಗೆ ಎರಡು ಮಾತು.

ಬೇಕಿಂಗ್ ಸೋಡಾಕ್ಕೆ ವಿನೆಗರ್ ಹಾಕಿದರೆ ನೊರೆ ಬರ್ತದೆ, ವಿಡಿಯೋದಲ್ಲಿ ಚಂದ ಕಾಣ್ತದೆ. ಒಂದು ಕ್ಷಾರ, ಒಂದು ಆಮ್ಲ. ಒಂದನ್ನೊಂದು ಕೊಂದು ಕೊನೆಗೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಗ್ಯಾಸು ಹಾರಿ ಹೋಗ್ತದೆ, ಕೊಳೆ ಅಲ್ಲೇ ಕೂತಿರ್ತದೆ. ಬೇರೆ ಬೇರೆಯಾಗಿ ಹಾಕಿ: ತಿಕ್ಕಲಿಕ್ಕೆ ಸೋಡಾ, ನಲ್ಲಿಯ ಬಿಳಿ ಉಪ್ಪಿನ ಕಲೆಗೆ ವಿನೆಗರ್. ಸಿಮೆಂಟ್ ನೆಲ, ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲಿಗೆ ವಿನೆಗರ್, ನಿಂಬೆಹುಳಿ ಯಾವುದೂ ಬೇಡ.

ಬ್ಲೀಚಿನ ಜತೆಗೆ ಟಾಯ್ಲೆಟ್ ಕ್ಲೀನರ್ ಸೇರಿಸಲೇಬಾರದು ಮಾರ್ರೆ. ಹಾರ್ಪಿಕ್‌ನಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಬ್ಲೀಚಿಗೆ ತಾಗಿದರೆ ಕ್ಲೋರಿನ್ ಗ್ಯಾಸ್ ಬರ್ತದೆ. ಮುಚ್ಚಿದ ಬಚ್ಚಲಲ್ಲಿ ಸರಿ ಇದ್ದವರಿಗೇ ಉಸಿರು ಕಟ್ಟುತ್ತದೆ, ಅಸ್ತಮಾದವರ ಕತೆ ಕೇಳುವುದೇ ಬೇಡ. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವೂ ಬ್ಲೀಚಿನ ಜತೆ ಅಪಾಯವೇ. ಒಂದನ್ನು ಹಾಕಿದ ಮೇಲೆ ಧಾರಾಳ ನೀರು ಹೊಯ್ದು, ಇನ್ನೊಂದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಅಡುಗೆಮನೆ ಜಿಡ್ಡಿಗೆ ವಾಷಿಂಗ್ ಸೋಡಾ ಬಿಸಿನೀರಲ್ಲಿ ಕದಡಿ, ಗ್ಲೌಸ್ ಹಾಕಿಕೊಂಡು ಹಚ್ಚಿ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆಗೆ ಅದರಷ್ಟು ಒಳ್ಳೆಯದು ಇಲ್ಲ, ಆದರೆ ರೆಕ್ಕೆ ಅಲ್ಯೂಮಿನಿಯಂ ಆದರೆ ಬೇಡ, ಕಪ್ಪಾಗ್ತದೆ. ಅದಕ್ಕೆ ಪಾತ್ರೆ ಸೋಪೇ ಸಾಕು.

ತೀರ್ಥಹಳ್ಳಿ ಹುಡುಗ

ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ಬೇಕಿಂಗ್ ಸೋಡಾ, ವಿನೆಗರ್ ಎರಡೂ ಆಗಲೇ ಕಾರ್ಟ್‌ನಲ್ಲಿದ್ವು, ಒಂದನ್ನ ತೆಗೆದೆ. ಇನ್ನೆರಡು ಡೌಟು. ಫ್ಯಾನ್ ಹಾಕಿದ್ರೆ ಬೇಗ ಒಣಗುತ್ತಾ? ಕ್ಲೀನ್ ಆದ ಎಷ್ಟು ಹೊತ್ತಿಗೆ ಅಮ್ಮನನ್ನ ಒಳಗೆ ಕರ್ಕೊಳ್ಳಬಹುದು? ಬಚ್ಚಲ ಬಗ್ಗೆನೂ ಹೇಳಿ, ಅಮ್ಮ ಮೊದಲು ನೋಡೋದೇ ಹಂಡೆ.

ಶರಾವತಿ ಸೀಮೆಯವಳು

ಫ್ಯಾನ್ ಹಾಕು, ಆದರೆ ಬೂಷ್ಟು ಒರೆಸಿ ಆದ ಮೇಲೆ. ಮೊದಲೇ ಹಾಕಿದರೆ ಆ ಪುಡಿಯೆಲ್ಲ ಮನೆ ತುಂಬಾ ಹಾರ್ತದೆ. ಟೇಬಲ್ ಫ್ಯಾನ್ ಆದರೆ ಕಿಟಕಿ ಕಡೆಗೆ ಮುಖ ಮಾಡಿ ಇಡು, ಒಳಗಿನ ಗಾಳಿ ಹೊರಗೆ ಹೋಗಲಿ.

ಅಮ್ಮನನ್ನು ಅದೇ ಸಂಜೆ ಕರೆಸಬೇಡ. ಹಾರಿದ ಧೂಳು ರಾತ್ರಿ ಇಳಿದು ಕೂತಿರ್ತದೆ. ಮಾರನೇ ದಿನ ಬೆಳಿಗ್ಗೆ ಗುಡಿಸುವ ಮುಂಚೆ ಕಿಟಕಿ ಚೌಕಟ್ಟು, ಮಂಚ, ಕಪಾಟಿನ ತಲೆ, ನೆಲ ಎಲ್ಲಾ ಇನ್ನೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸು. ಬ್ಲೀಚಿನ ವಾಸನೆ ಹೋಗಿದೆಯಾ ನೋಡು. ಅದಾದ ಮೇಲೆ ಬರಲಿ. ಅವರು ಮಲಗೋದು ಪಡುವಣ ಕೋಣೆಯಲ್ಲಾದರೆ ಈ ಸಲಕ್ಕೆ ಬೇರೆ ಕೋಣೆಗೆ ಮಂಚ ಹಾಕು, ಆ ಗೋಡೆ ಒಣಗೋದಕ್ಕೆ ಬೇಸಿಗೆಯೇ ಬೇಕು. ಅವರ ಇನ್‌ಹೇಲರ್ ಕೈಗೆ ಸಿಗುವಲ್ಲಿ ಇರಲಿ.

ಬಚ್ಚಲಲ್ಲಿ ಪಾಚಿಗೆ ಬ್ಲೀಚಿಂಗ್ ಪುಡಿ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ತೆಂಗಿನ ಕಡ್ಡಿ ಪೊರಕೆಯಲ್ಲಿ ತಿಕ್ಕು. ಮೇಷ್ಟ್ರು ಹೇಳಿದ್ದು ನೆನಪಿರಲಿ, ಆ ದಿನ ಆ್ಯಸಿಡ್ ಬಾಟಲಿ ಹೊರಗೇ ಇರಲಿ. ಹುಣಸೆಹಣ್ಣನ್ನೂ ಆ ಪುಡಿಯ ಹತ್ತಿರ ತರಬೇಡ, ಅದೂ ಹುಳಿಯೇ. ಹಂಡೆ ತೊಳೆಯೋದು ಮಾರನೇ ದಿನ. ತಾಮ್ರದ್ದಾದರೆ ನೆನೆಸಿದ ಹುಣಸೆಹಣ್ಣು, ಕಲ್ಲುಪ್ಪು, ಅಷ್ಟೇ. ಕಂಠ ಬೆಳಗಿದರೆ ಸಾಕು, ತಳದ ಮಸಿ ಕೆರೆಯಲು ಹೋಗಬೇಡ, ಮತ್ತೆ ಬೆಂಕಿಗೇ ಇಡೋದು. ಹಬ್ಬಕ್ಕೆ ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಕಟ್ಟೋ ಕೆಲಸ ಅಮ್ಮನಿಗೇ ಬಿಡು, ಅದನ್ನೂ ನೀನು ಮಾಡಿದರೆ ಅವರು ಬಂದು ಮಾಡೋದಾದರೂ ಏನು?

ಮುಂದಿನ ವರ್ಷವೂ ಬೀಗ ಹಾಕುವುದಾದರೆ ಮೇ ತಿಂಗಳಲ್ಲೇ ಹೆಂಚು ನೋಡಿಸು. ಕಪಾಟಿನ ಬಾಗಿಲು ಮುಚ್ಚದೆ ಅರ್ಧ ತೆಗೆದು ಬಿಡು. ಹಾಸಿಗೆ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವ ಮುಂಚೆ ಎರಡು ಬಿಸಿಲು ಕಾಣಲಿ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು, ಮಳೆ ಬಿಟ್ಟ ದಿನ ಕಿಟಕಿ ತೆಗೆದು ಒಲೆ ಉರಿಸಿ ಅಂತ ಹೇಳು. ಸೌದೆ ನೀನೇ ತಂದು ಹಾಕು, ಅವರ ಸೌದೆ ಖರ್ಚು ಮಾಡಿಸಬೇಡ.