ಹಳೇ ಮ್ಯುಟೇಶನ್ ರಿಜಿಸ್ಟರ್: ಸ್ಕ್ಯಾನಿಂಗ್ ಯಾವಾಗ ಶುರು ಮಾಡೋದು?

ಪ್ರಶ್ನೆ: ತಾಲ್ಲೂಕು ರೆಕಾರ್ಡ್ ರೂಮಿನ, ಜಮೀನಿನ ಹಕ್ಕು ಬದಲಾವಣೆ ಬರೆದಿಡುವ ಕೈಬರಹದ ಮ್ಯುಟೇಶನ್ ರಿಜಿಸ್ಟರ್‌ಗಳು ದಿನವೂ ಕಪಾಟಿನಿಂದ ಇಳಿಯುತ್ತವೆ, ಅಂಚು ಪುಡಿಯಾಗುತ್ತಿದೆ. ಎಲ್ಲವನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಬೇಕೆ?

ಉತ್ತರ 1: ಒಟ್ಟಿಗೆ ಬೇಡ. ಯಾವ ಪುಸ್ತಕ ಎಷ್ಟು ಸಲ ಹೊರಬಂತು ಅಂತ ಒಂದು ತಿಂಗಳು ಗೀಟು ಹಾಕಿ. ಒಂದೇ ಪುಸ್ತಕಕ್ಕೆ ಒಂದೇ ದಿನ ಇಬ್ಬರು ಕಾಯುವಂತಾದರೆ ಅದರ ಸರದಿ ಬಂತು. ಇನ್ನೂ ಬರೆಯುತ್ತಿರುವ ರಿಜಿಸ್ಟರ್ ಕೊನೆಗಿರಲಿ. ಅದರ ಸ್ಕ್ಯಾನ್ ಮಾರನೇ ದಿನವೇ ಹಳತಾಗುತ್ತದೆ, ಜನ ಅದನ್ನೇ ನಂಬಿ ಕೂರುತ್ತಾರೆ.

ಉತ್ತರ 2: ಹಾಳೆಯನ್ನು ತಾನೇ ಒಳಗೆಳೆಯುವ ಫೀಡರ್ ಸ್ಕ್ಯಾನರಿಗೆ ಹಾಕಲೇಬೇಡಿ, ಹಾಳೆ ಹರಿಯುತ್ತದೆ. ಹರಿದ ಕಡೆ ಸೆಲ್ಲೋಟೇಪೂ ಬೇಡ. ಓವರ್‌ಹೆಡ್ ಸ್ಕ್ಯಾನರ್ (ಮೇಲಿನಿಂದ ಚಿತ್ರ ತೆಗೆಯುವುದು), 300 ಡಿಪಿಐ (ಇಂಚಿಗೆ 300 ಚುಕ್ಕಿ), ಬಣ್ಣದಲ್ಲೇ. ಬರೀ ಕಪ್ಪು-ಬಿಳುಪಾದರೆ ಮಾಸಿದ ಶಾಯಿ ಅಳಿದುಹೋಗುತ್ತದೆ, ಕೆಂಪು ಷರಾ ಬೇರೆಯಾಗಿ ಕಾಣುವುದಿಲ್ಲ. ಕುಗ್ಗಿಸದ ಚಿತ್ರ ಫೈಲ್ ಆದ ಟಿಫ್‌ನಲ್ಲಿ ಎ4 ಪುಟವೊಂದಕ್ಕೆ ಸುಮಾರು 26 ಎಂಬಿ, ಅದು ಕಾಯ್ದಿಡಲು. ಹಂಚಲು ಪಿಡಿಎಫ್ ಸಾಕು.

ಉತ್ತರ 3: ಹುಡುಕಲಾಗದ ಸ್ಕ್ಯಾನ್ ಇನ್ನೊಂದು ಕಂತೆ ಅಷ್ಟೇ. ಕೈಬರಹಕ್ಕೆ ಒಸಿಆರ್ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ನೆಚ್ಚಬೇಡಿ. ಹೋಬಳಿ, ಗ್ರಾಮ, ಸರ್ವೆ ನಂಬರ್, ಎಂಆರ್ (ಮ್ಯುಟೇಶನ್ ರಿಜಿಸ್ಟರ್) ನಂಬರ್, ವರ್ಷ: ಇವನ್ನು ಕೈಯಿಂದಲೇ ಟೈಪ್ ಮಾಡಿ. ಸ್ಕ್ಯಾನಿಗೆ ಮುಂಚೆ ಪುಟ ಎಣಿಸಿ ಬರೆದಿಡಿ. ಅಂಟಿದ ಹಾಳೆಗಳೆರಡು ಜೊತೆಗೇ ಮಗುಚಿದರೆ ಎರಡು ಪುಟ ತಪ್ಪುತ್ತವೆ, ಎಣಿಕೆ ತಾಳೆ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಸರಿ, ನಾಳೆಯಿಂದ ಗೀಟು ಶುರು. ಸ್ಕ್ಯಾನ್ ಆದ ಮೇಲೆ ಮೂಲ ಪುಸ್ತಕ?

ಉತ್ತರ 1: ಬಿಸಾಡುವಂತಿಲ್ಲ. ಬಟ್ಟೆಯಲ್ಲಿ ಕಟ್ಟಿ, ಮಲಗಿಸಿ ಇಡಿ.