ಹಳೇಬೀಡಲ್ಲಿ ಆಡಿಯೊ ಗೈಡ್: ಫೋನ್ ಒಂದು, ಕಿವಿ ನಾಲ್ಕು ಜನರದ್ದು

ಹಾಸನದವರು: ಭಾನುವಾರ ಹಳೇಬೀಡಿಗೆ ಹೊರಟಿದ್ದೀವಿ. ಇಬ್ಬರು ದೊಡ್ಡವರು, 7 ಮತ್ತು 11 ವರ್ಷದ ಮಕ್ಕಳು. ಶಿಲ್ಪಗಳ ಬಗ್ಗೆ ಕನ್ನಡ ಆಡಿಯೊ ಫೋನಲ್ಲಿದೆ. ಮ್ಯೂಸಿಯಂ ಒಳಗೆ ಸ್ಪೀಕರ್ ಹಾಕಿದ್ರೆ ಪಕ್ಕದವರಿಗೆ ಕಿರಿಕಿರಿ; ಒಬ್ಬೊಬ್ಬರಿಗೆ ಒಂದೊಂದು ಇಯರ್‌ಫೋನ್ ಕೊಟ್ರೆ ಮಾತುಕತೆನೇ ಇಲ್ಲ. ದಾರಿ ಇದ್ಯಾ?

ವೈರ್‌ಪೆಟ್ಟಿಗೆ: ಸ್ಪ್ಲಿಟರ್ ತಗೊಳ್ಳಿ ಸರ್. 3.5 ಎಂಎಂ ಪಿನ್ ಒಂದು, ತೂತು ಎರಡು. ಒಂದು ತೂತಿನ ಹತ್ತಿರ ಮೈಕ್ ಚಿತ್ರ ಇದ್ರೆ ವಾಪಸ್ ಕೊಡಿ, ಅದರಲ್ಲಿ ಒಂದೇ ಕಡೆ ಶಬ್ದ ಬರೋದು. ಎರಡು ವೈರ್ ಇಯರ್‌ಫೋನ್ ಸಿಕ್ಕಿಸಿ, ತಲೆಗೊಂದು ಕಿವಿ ಹಂಚಿಕೊಂಡ್ರೆ ನಾಲ್ಕು ಜನಕ್ಕೂ ಸಾಕು. ಇನ್ನೊಂದು ಕಿವಿ ಖಾಲಿ ಇರುತ್ತಲ್ಲ, ಅದು ಮನೆಯವರ ಮಾತಿಗೆ. ಎರಡೂ ಒಂದೇ ಮಾಡೆಲ್ ಆಗಿರಲಿ, ಇಲ್ಲಾಂದ್ರೆ ಒಂದು ಜೋರು, ಒಂದು ಪಿಸುಮಾತು. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಮೋನೊ ಆಡಿಯೊ ಆನ್ ಮಾಡಿ. ಮರೆತ್ರೆ ಎಡಗಿವಿಯವರಿಗೆ ಬರೀ ತಂಬೂರಿ, ಬಲಗಿವಿಯವರಿಗೆ ಬರೀ ವಿವರಣೆ ಆಗಬಹುದು. ಮಕ್ಕಳಿಬ್ಬರನ್ನ ಒಂದು ಜೋಡಿ ಮಾಡಿ. ಎತ್ತರ ತೀರಾ ಹೆಚ್ಚುಕಮ್ಮಿ ಆದ್ರೆ ವೈರ್ ಎಳೆದು ಕಿವಿಯಿಂದ ಬಿದ್ದುಹೋಗುತ್ತೆ. ಟೈಪ್-ಸಿ ಕನೆಕ್ಟರ್ ಬೇಕಾದ ಫೋನಾದ್ರೆ ಮನೆಯಲ್ಲೇ ಹಾಕಿ ನೋಡಿ, ಅಗ್ಗದವು ಎಲ್ಲ ಫೋನಿಗೂ ಕೂಡಲ್ಲ.

ಹಾಸನದವರು: ನಾಲ್ಕು ಫೋನಲ್ಲಿ ಒಟ್ಟಿಗೆ ಪ್ಲೇ ಒತ್ತಿದ್ರೆ?

ವೈರ್‌ಪೆಟ್ಟಿಗೆ: ಒಬ್ಬರು ನಿಲ್ಲಿಸಿದ ಕೂಡಲೇ ತಾಳ ತಪ್ಪುತ್ತೆ.

ಕಲ್ಲುಕೆಲಸ: ಒಂದು ಕಿವಿ ಬಿಟ್ಟಿರೋ ಉಪಾಯ ಹೊಸದಲ್ಲ. ಕ್ಯಾಲಿಫೋರ್ನಿಯಾದ ಫಿಲೋಲಿ ಅನ್ನೋ ಹಳೇ ಬಂಗಲೆಯಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ (PARC) ಅನ್ನೋ ಸಂಶೋಧನಾ ಕೇಂದ್ರದವರು ಜೊತೆಗಾರರು ಕೇಳ್ತಿರೋದನ್ನ ಇನ್ನೊಬ್ಬರೂ ಕದ್ದು ಕೇಳೋ ಹಾಗೆ ಗೈಡ್ ಮಾಡಿದ್ರು, 2002ರಲ್ಲಿ ಪ್ರಕಟವಾಯ್ತು. ಅದರಲ್ಲೂ ಒಂದೇ ಕಿವಿಯ ಹೆಡ್‌ಸೆಟ್.

ಆದ್ರೆ ಹೊಯ್ಸಳೇಶ್ವರದ ಹೊರಗೋಡೆ ಹತ್ತಿರ ಫೋನ್ ಜೇಬಲ್ಲಿರಲಿ ಅಂತೀನಿ. ಮೊದಲು ಕಣ್ಣು, ಆಮೇಲೆ ಕಿವಿ. ಕೆಳಗಿಂದ ಕೆತ್ತನೆಯ ಪಟ್ಟಿ ಎಣಿಸೋಕೆ ಚಿಕ್ಕವನಿಗೆ ಹೇಳಿ: ಆನೆ, ಸಿಂಹ, ಬಳ್ಳಿ, ಕುದುರೆ... ಮೇಲೆ ರಾಮಾಯಣ, ಮಹಾಭಾರತದ ಪಟ್ಟಿ, ಅದರ ಮೇಲೆ ಮಕರ, ಹಂಸ. ಆನೆ ಸಾಲು 7 ವರ್ಷದವರ ಕಣ್ಣಿಗೆ ಸಲೀಸು, ದೊಡ್ಡವರೇ ಬಗ್ಗಬೇಕು. ಯುದ್ಧದ ದೃಶ್ಯ ಮಕ್ಕಳೇ ಹುಡುಕಿದ ಮೇಲೆ ಪ್ಲೇ ಒತ್ತಿ, ಒಂದೂವರೆ ನಿಮಿಷಕ್ಕೆ ನಿಲ್ಲಿಸಿ. ಒತ್ತೋ ಕೆಲಸ ಸರದಿ ಮೇಲೆ, ಇಲ್ಲಾಂದ್ರೆ ಜಗಳ ಗ್ಯಾರಂಟಿ.

ಮಲೆನಾಡ್ ಮೇಡಂ: ಜಗತಿ, ಅಂದ್ರೆ ದೇವಸ್ಥಾನ ನಿಂತಿರೋ ಕಲ್ಲಿನ ಕಟ್ಟೆ, ಅದರ ಮೇಲೆ ಚಪ್ಪಲಿ ಇಲ್ಲ. ಮಧ್ಯಾಹ್ನ ಕಲ್ಲು ಕಾದ್ರೆ ಯಾವ ಮಗುವೂ ಆಡಿಯೊ ಮುಗಿಯೋವರೆಗೂ ನಿಲ್ಲಲ್ಲ. ದೇವಸ್ಥಾನ ಬೆಳಿಗ್ಗೆ, ಮ್ಯೂಸಿಯಂ ಆಮೇಲೆ. ಸಾಕ್ಸ್ ಇಟ್ಕೊಳ್ಳಿ.